ಗೂಡ್ಸ್ ಆಟೋದಲ್ಲಿ ಬಂದ ಗುಡ್ಲು

“ಇವತ್ತೂ ಇಲ್ಲ,” ಎನ್ನುತ್ತಾ ಸಹನ ಬಚ್ಚಲುಮನೆಯಿಂದ ಹೊರಗೆ ಬಂದಳು. ಬರಬೇಕಾದ ಪಾರ್ಸೆಲ್ಲು ಬಂದಿಲ್ಲವೆಂದು ತಿಳಿದು ಬಂದವಳ ಹಾಗಿತ್ತು ಅವಳ ಮುಖ.

“ಬರುತ್ತೆ ಮಗ, ಅವಸರ ಏನು,” ಎಂದೆ ನಾನು, ದೋಸೆ ಮಗುಚುತ್ತಾ.

“ಅಪರ್ಣಂಗೆ ಬಂತು. ನಮ್ ಬೆಂಚಿನೋರಿಗೆಲ್ಲಾ ಬಂತು. ನಾನೊಬ್ಳೇ ಉಳ್ಕೊಂಡಿರೋದು.”

“ಅದೇನು ಬಸ್ಸಾ, ತಪ್ಪಿಸ್ಕೊಂಡು ಉಳ್ಕೊಳ್ಳೋಕೆ?”

“ಬಸ್ಸಾಗಿದ್ರೆ ಎಷ್ಟೊತ್ತಿಗೆ ಬರುತ್ತೆ ಅಂತನಾದ್ರೂ ಗೊತ್ತಿರ್ತಿತ್ತು,” ಎಂದು ಅವಳು ತಟ್ಟೆ ಎಳೆದುಕೊಂಡು ಕೂತಳು. ಅವಳ ಹೆಸರು ಇಟ್ಟಿದ್ದು ಅವರಪ್ಪ. ಆ ಹೆಸರಿಗೂ ಅವಳಿಗೂ ಇದುವರೆಗೆ ಪರಿಚಯವಾಗಿಲ್ಲ.

ಸಹನ ಏಳನೇ ತರಗತಿ. ಹೋದ ದಸರೆಗೆ ಹೊಲಿಸಿದ ಲಂಗ ಯುಗಾದಿಯ ಹೊತ್ತಿಗೆ ಮೊಣಕಾಲಿಗೆ ಏರಿತ್ತು. ಹಣೆಯ ಮೇಲೆ ಮೊಡವೆ ಎದ್ದಿದ್ದವು. ಅವುಗಳ ಯೋಗಕ್ಷೇಮವನ್ನು ಕನ್ನಡಿಯ ಮುಂದೆ ನಿಂತು ಆಗಾಗ ವಿಚಾರಿಸುತ್ತಿದ್ದಳು. ಯಾರಾದರೂ ಒಂದು ಮಾತು ಅಂದರೆ ಕಣ್ಣು ತುಂಬುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೇ ಮಾತಿಗೆ ಬಿದ್ದು ಬಿದ್ದು ನಗು. ಎದೆ ನೋಯುತ್ತಿದೆ, ಏನಾದರೂ ಕಾಯಿಲೆಯಾ ಎಂದು ಒಂದು ದಿನ ಗುಟ್ಟಾಗಿ ಕೇಳಿದಾಗ ನನಗೆ ಇನ್ನು ತಡ ಮಾಡಬಾರದು ಅನ್ನಿಸಿತು.

ಆದರೆ ಹೇಗೆ ಹೇಳುವುದು? ನಾನು ಬಿ.ಎ. ಮುಗಿಸಿದ್ದು ಮದುವೆಯಾದ ಮೇಲೆ, ಮೈಸೂರಿನ ಸಂಜೆ ಕಾಲೇಜಿನಲ್ಲಿ. ವಿಜ್ಞಾನ ಓದಿದವಳಲ್ಲ. ತೊಣ್ಣೂರಿನ ಹತ್ತಿರದ ನಮ್ಮೂರಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವುದು ನನ್ನ ಕೆಲಸ. ಏನಾದರೂ ತಪ್ಪು ಹೇಳಿ ಮಗುವಿನ ತಲೆಯಲ್ಲಿ ಅದೇ ಉಳಿದುಬಿಟ್ಟರೆ ಎಂಬ ಭಯ. ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿದೆ. ಮನೆಗೆ ಬರುವಷ್ಟರಲ್ಲಿ ಅನುಮಾನ ಬಂದು ಮಾರನೆಯ ದಿನ ಮತ್ತೆ ಹೋಗಿ ಕೇಳಿದೆ. ಹುಲ್ಲು ಹಾಕುವಾಗ ಹಸುವಿನ ಮುಂದೆ ಹೇಳಿ ನೋಡಿದೆ. “ಹೆಣ್ಣುಮಕ್ಕಳ ಹೊಟ್ಟೆಯೊಳಗೆ ಗರ್ಭಕೋಶ ಅಂತ ಒಂದಿರುತ್ತೆ,” ಎಂದು ಶುರು ಮಾಡಿದಾಗ ಹಸು ಮೆಲುಕು ನಿಲ್ಲಿಸಿ ನನ್ನನ್ನೇ ನೋಡಿತು. ನಾಲ್ಕು ಕರು ಹಾಕಿದ ಹಸು ಅದು. ನಾಚಿಕೆಯಾಗಿ ಸುಮ್ಮನಾದೆ.

ನನಗೆ ಯಾರೂ ಏನೂ ಹೇಳಿರಲಿಲ್ಲ. ಅಕ್ಕಿಹೆಬ್ಬಾಳಿನ ನಮ್ಮ ತವರಿನ ಗದ್ದೆಯಲ್ಲಿ ಪೈರು ಕೀಳುತ್ತಿದ್ದಾಗ ಲಂಗಕ್ಕಾದ ರಕ್ತ ನೋಡಿಕೊಂಡು, ಜಿಗಣೆ ಕಚ್ಚಿದೆ ಎಂದುಕೊಂಡೆ. ಮನೆಗೆ ಓಡಿ, ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಎಷ್ಟು ಹುಡುಕಿದರೂ ಜಿಗಣೆ ಸಿಗದೆ ಅಳುತ್ತಾ ಕೂತಿದ್ದೆ. ನನ್ನ ಮಗಳು ಉಪ್ಪಿನ ಡಬ್ಬಿ ಹಿಡಿದುಕೊಂಡು ಕೂರಬಾರದು ಎಂಬುದಷ್ಟೇ ನನ್ನ ಆಸೆ.

ಕೊನೆಗೆ ಒಂದು ಭಾನುವಾರ ಹಿತ್ತಲಿನ ಕಲ್ಲಿನ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿಯೇಬಿಟ್ಟೆ. ಒಳಗೆ ಮೆತ್ತಗೆ ಒಂದು ಹಾಸಿಗೆ ಹಾಸಿಕೊಳ್ಳುತ್ತದೆ, ಬಸಿರಿಲ್ಲದಿದ್ದರೆ ಅದು ಬೇಕಾಗುವುದಿಲ್ಲ, ಅದೇ ಕರಗಿ ಹೊರಗೆ ಬರುತ್ತದೆ, ಗಾಯದ ರಕ್ತವಲ್ಲ, ಹೆದರಬಾರದು ಎಂದೆ. ಎದೆ ನೋಯುವುದೂ ಕಾಯಿಲೆಯಲ್ಲ, ಮೈ ಬೆಳೆಯುತ್ತಿರುವುದು ಎಂದೆ.

“ಅಂದ್ರೆ ತಿಂಗ್ಳಿಗೊಂದ್ಸಲ ಬೆಡ್‌ಶೀಟು ಬದಲಾಯಿಸೋದು,” ಎಂದಳು ಸಹನ.

ಹಸುವಿನ ಮುಂದೆ ಅಷ್ಟು ಕಷ್ಟಪಟ್ಟಿದ್ದು ನೆನಪಾಯಿತು.

ಅಲ್ಲಿಂದ ಅವಳ ಉತ್ಸಾಹಕ್ಕೆ ಕೊನೆಯಿಲ್ಲ. ಅವರಪ್ಪ ಶಿವಶಂಕರ್ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದಾರೆ, ಮನೆಗೆ ಬರುವುದು ವಾರಕ್ಕೊಮ್ಮೆ. ಅವರಿಗೇ ಫೋನ್ ಮಾಡಿ ಪ್ಯಾಡು ತರಲು ಹೇಳಿದಳು. ಅವರು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ ತಂದು, ಯಾರನ್ನೂ ನೋಡದೆ ಟಿ.ವಿ.ಯ ಪಕ್ಕ ಇಟ್ಟರು. “ಅಪ್ಪ, ಬಾಂಬ್ ತಂದಂಗೆ ತಂದಿದೀಯ,” ಎಂದು ಅವಳು ನಕ್ಕಳು. ಒಂದನ್ನು ಬಿಡಿಸಿ ಬೀಟ್‌ರೂಟ್ ಬೇಯಿಸಿದ ನೀರು ಸುರಿದು ಎಷ್ಟು ಹೀರುತ್ತದೆ ಎಂದು ಪರೀಕ್ಷೆ ಮಾಡಿದಳು. ಇನ್ನೊಂದನ್ನು ತಲೆಕೆಳಗಾಗಿ ಹಿಡಿದು ತನ್ನ ಮುಂಗೈಗೇ ಅಂಟಿಸಿಕೊಂಡು, ಕೀಳುವಾಗ ಕೂದಲು ಎಳೆದು ಕುಣಿದಾಡಿದಳು. ಅಂಟಿರುವ ಕಡೆ ಚಡ್ಡಿಗೆ ಹೋಗಬೇಕು ಎಂಬ ಪಾಠ ಅವಳಿಗೆ ಅಲ್ಲೇ ಆಯಿತು. ರವಿಕೆಗೆ ತಂದು ಮಿಕ್ಕಿದ್ದ ಹಸಿರು ಬಟ್ಟೆಯಲ್ಲಿ ನಾನೊಂದು ಜಿಪ್ಪಿನ ಚೀಲ ಹೊಲಿದುಕೊಟ್ಟೆ. ಪ್ಯಾಡು, ಚಡ್ಡಿ, ಬಳಸಿದ್ದನ್ನು ಸುತ್ತಿಡಲು ಪೇಪರು. ಸಹನ ಅದರಲ್ಲಿ ಒಂದು ಕಡಲೆ ಮಿಠಾಯಿಯನ್ನೂ ಇಟ್ಟಳು.

“ಅದ್ಯಾಕೆ?”

“ಬಂದ ಖುಷಿಗೆ.”

ಅದಕ್ಕೆ ‘ರೆಡಿ ಚೀಲ’ ಎಂದು ಹೆಸರಾಯಿತು. ಶಾಲೆಗೆ ಹೋಗುವಾಗ ಬ್ಯಾಗಿನಲ್ಲಿ, ಮನೆಯಲ್ಲಿದ್ದಾಗ ಬಚ್ಚಲಿನ ಕಿಟಕಿಯಲ್ಲಿ.

ಇದನ್ನೆಲ್ಲ ನಮ್ಮ ಅತ್ತೆ ಪುಟ್ಟಗೌರಮ್ಮನವರು ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಬೀಟ್‌ರೂಟಿನ ಬಗ್ಗೆ ತಕರಾರಿರಲಿಲ್ಲ. “ಚೀಲ ಆದ್ರೂ ಒಲ್ಕೊ, ಪೆಟ್ಗೆ ಆದ್ರೂ ಮಾಡ್ಸ್ಕೊ,” ಎಂದರು. “ನಂಗೆ ಬೇಕಾಗಿರೋದು ಗುಡ್ಲು. ಸೋದರ್ಮಾವ ಅಸಿ ಸೊಪ್ಪು ತರ್ಬೇಕು, ಅವನ ಕೈಯಲ್ಲೇ ಗುಡ್ಲಾಕ್ಬೇಕು, ಉಡ್ಗಿ ಅದ್ರಲ್ಲಿ ಕುಂತ್ಕಬೇಕು. ನೀರಾಕೋಗಂಟ ಒಸ್ಲು ದಾಟಂಗಿಲ್ಲ.”

ಅವರ ಆಸೆಗೆ ಕಾರಣ ನನಗೆ ಗೊತ್ತಿತ್ತು. ಅವರ ತಾಯಿಗೆ ಅಣ್ಣತಮ್ಮಂದಿರಿರಲಿಲ್ಲ. ಅತ್ತೆ ನೆರೆದು ದೊಡ್ಡವರಾದಾಗ ಸೊಪ್ಪು ತಂದು ಗುಡಿಸಲು ಹಾಕುವ ಮಾವನಿಲ್ಲದೆ, ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದ್ದರಂತೆ. ಗುಡ್ಲಿಲ್ಲದೆ ನೆರೆದವಳು ಎಂದು ಓರಗೆಯ ಹುಡುಗಿಯರು ಆಡಿಕೊಂಡಿದ್ದರಂತೆ. ಮೊಮ್ಮಗಳಿಗಾದರೂ ಊರು ನೋಡುವ ಹಾಗೆ ಆಗಬೇಕು ಎಂದು ಅವರು ಎಳ್ಳು, ಬೆಲ್ಲ, ಕೊಬ್ಬರಿ ತಂದಿಟ್ಟುಕೊಂಡು ಕಾಯುತ್ತಿದ್ದರು. ನನ್ನ ತಮ್ಮ ಚಲುವರಾಜುಗೆ ಹಬ್ಬಕ್ಕೊಮ್ಮೆ ಫೋನ್ ಮಾಡಿ, “ಅತ್ತಿ ಮರ ಕಡಿಸ್ಬುಟ್ಟೀಯ ಕಣಪ್ಪ, ಗುಡ್ಲಿಗೆ ಬೇಕು,” ಎಂದು ಎಚ್ಚರಿಸುತ್ತಿದ್ದರು.

ಕಷ್ಟ ಇದ್ದದ್ದು ಸಹನಳ ಇನ್ನೊಂದು ಆಸೆಯಲ್ಲಿ. ಅವಳು ಖೋ ಖೋ ಆಡುತ್ತಾಳೆ. ಅವರ ಶಾಲೆಯಲ್ಲಿ ಚಿಕ್ಕವರ ಟೀಮು, ದೊಡ್ಡವರ ಟೀಮು ಎಂದು ಎರಡಿದೆ. ದೊಡ್ಡವರ ಟೀಮು ಶ್ರೀರಂಗಪಟ್ಟಣಕ್ಕೆ ಪಂದ್ಯಕ್ಕೆ ಹೋಗುವುದಿತ್ತು. ಅದರಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಯ ನೆಪ ಹೇಳಿ ಬಿಟ್ಟಿದ್ದರಿಂದ ಪಿ.ಟಿ. ಮೇಷ್ಟ್ರು ಶ್ರೀರಾಮ್ ಅವರು ಚಿಕ್ಕವರ ಟೀಮಿನಿಂದ ಯಾರನ್ನಾದರೂ ಸೇರಿಸುತ್ತೇನೆ ಎಂದಿದ್ದರು. ಚಲುವರಾಜು, ದೊಡ್ಡವರ ಟೀಮಿಗೆ ಸೇರಿದರೆ ಕೆ.ಆರ್. ಪೇಟೆಯಿಂದ ಶೂ ತಂದುಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ.

“ಪಂದ್ಯದ ಟೈಮಿಗೇ ಬಂದ್ರೆ?” ಎಂದು ಸಹನ ಒಂದು ದಿನ ಅಜ್ಜಿಯನ್ನು ಕೇಳಿದಳು.

“ಬಂದ್ರೆ ಗುಡ್ಲು. ಆಟ ಎಲ್ಲಿಗೋಯ್ತದೆ? ಬರೋ ವರ್ಸ ಆಡು.”

ಅಂದು ಸಂಜೆ ಸಹನ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. “ಅಮ್ಮ, ಪಂದ್ಯಕ್ಕೆ ಮುಂಚೆ ಬಂದ್ರೆ ನೀನು ಅಜ್ಜಿಗೆ ಹೇಳ್ಬೇಡ. ಪಂದ್ಯ ಮುಗ್ಸಿ ಬಂದ್ಮೇಲೆ ನಾನೇ ಹೇಳ್ತೀನಿ, ಎಷ್ಟು ದಿನ ಬೇಕಾದ್ರೂ ಗುಡ್ಲಲ್ಲಿ ಕೂರ್ತೀನಿ.”

“ನಂಗೆ ಸುಳ್ಳು ಹೇಳೋಕೆ ಬರಲ್ಲ ಕಣೆ. ಮುಖದಲ್ಲೇ ಗೊತ್ತಾಗೋಗುತ್ತೆ.”

“ಸುಳ್ಳು ಹೇಳ್ಬೇಡ, ಸುಮ್ನಿರು.”

“ಸುಮ್ನಿದ್ರೂ ಗೊತ್ತಾಗುತ್ತೆ.”

“ಹಂಗಾದ್ರೆ ಗೋಡೆ ಕಡೆ ತಿರುಗ್ಕೊಂಡು ನಿಂತ್ಕೊ.”

ಆಗಲಿ ಎಂದೆ. ಹೇಳಿದ ಮೇಲೆ ಸರಿ ಮಾಡಿದೆನಾ ಎಂದು ಬಹಳ ಹೊತ್ತು ಯೋಚಿಸಿದೆ. ಅತ್ತೆಯ ಆಸೆಯೂ ಚಿಕ್ಕದಲ್ಲ, ಮಗಳ ಆಸೆಯೂ ಚಿಕ್ಕದಲ್ಲ. ಎರಡೂ ಒಂದೇ ದಿನಕ್ಕೆ ಬಾರದಿರಲಿ ಎಂದಷ್ಟೇ ಬೇಡಿಕೊಂಡೆ.

ಮುಂದಿನ ವಾರ ಒಂದು ಸಂಜೆ ಡೈರಿಯಲ್ಲಿ ಹಾಲಿನ ಸಾಲು ಬಾಗಿಲಾಚೆಗೂ ನಿಂತಿತ್ತು. ಫೋನ್ ಬಂತು. ಅತ್ತೆ.

“ದಿವ್ಯ, ನಿನ್ ಮಗ್ಳು ದೊಡ್ಡೋಳಾದ್ಲು ಕಣವ್ವ.”

ನಾನು ಅಳತೆ ಪಾತ್ರೆ ಪಕ್ಕಕ್ಕಿಟ್ಟೆ. “ಯಾರು ಹೇಳಿದ್ರು?”

“ಅವ್ಳೇ. ಮೇಷ್ಟ್ರ ಫೋನಿಂದ ಮಾಡಿದ್ಲು. ಅಜ್ಜಿ, ನಾನು ದೊಡ್ಡೋಳಾದೆ, ಮಾವಂಗೂ ಏಳು ಅಂದ್ಲು. ಎಂಥ ಜಾಣೆ ನೋಡು, ಮಾವಂಗೇಳು ಅನ್ನೋದೂ ಗೊತ್ತದೆ ಅವ್ಳಿಗೆ. ಆಗ್ಲೇ ಮಾಡ್ದೆ. ಚಲುವರಾಜು ಒಲ್ಟವ್ನೆ.”

“ಆಗ್ಲೇ ಅಂದ್ರೆ? ಎಷ್ಟೊತ್ತಾಯ್ತು?”

“ಆಗ್ಲೇ ಕಣವ್ವ, ಸ್ಕೂಲು ಬುಡೋಕ್ ಮುಂಚೆ. ಮೊದ್ಲು ಅವಂಗ್ ಮಾಡ್ದೆ, ಆಮೇಲೆ ಎದುರ್ಮನೆ ಅಣ್ಣಮ್ಮನ್ ಕರುದೆ, ಎಳ್ಳು ಉರುದು, ಈಗ ನಿಂಗ್ ಮಾಡ್ದೆ.”

ಅಷ್ಟು ಹೊತ್ತಿನಿಂದ ಮಗು ಶಾಲೆಯಲ್ಲೇ ಇದೆ. ರೆಡಿ ಚೀಲ ಬ್ಯಾಗಿನಲ್ಲಿತ್ತಾ? ಬೆಳಿಗ್ಗೆ ಅದನ್ನು ಕಿಟಕಿಯಲ್ಲೇ ಕಂಡ ಹಾಗೆ ನೆನಪಾಯಿತು. ಡೈರಿಯ ಕಾರ್ಯದರ್ಶಿ ಚಿಕ್ಕಸ್ವಾಮಿಯವರಿಗೆ ಪಾತ್ರೆ ಕೊಟ್ಟು, “ಅಣ್ಣ, ಅರ್ಜೆಂಟು, ಮಗಳು,” ಎಂದೆ. ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾನು ಮನೆಗೆ ನುಗ್ಗಿ ಕಿಟಕಿಯಿಂದ ಚೀಲ ಎತ್ತಿಕೊಂಡು ಶಾಲೆಯ ಕಡೆ ಓಡಿದೆ. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಓಡುತ್ತಾ ನಗುತ್ತಿದ್ದೆ.

ಶಾಲೆಯ ಮೈದಾನದಲ್ಲಿ ಸಹನ ಕಂಬದಿಂದ ಕಂಬಕ್ಕೆ ಓಡುತ್ತಿದ್ದಳು. ನನ್ನನ್ನು ಕಂಡು ಧೂಳೆಬ್ಬಿಸಿಕೊಂಡು ಬಂದಳು.

“ಅಜ್ಜಿ ಹೇಳಿದ್ರಾ?”

“ಹೇಳಿದ್ರು ಕಣೆ. ಓಡ್ತಿದೀಯಲ್ಲ, ನೋವಿಲ್ವಾ?”

“ಒಸಿ ಉರೀತದೆ ಅಷ್ಟೇ.”

“ರಕ್ತ ಜಾಸ್ತಿ ಹೋಯ್ತಾ?”

“ಇಲ್ಲಮ್ಮ, ಒಂಚೂರು ಬಂತು. ಮೇಷ್ಟ್ರು ಅರಿಶಿನ ಹಚ್ಚಿದ್ರು.”

ಮೇಷ್ಟ್ರು ಎಲ್ಲಿ ಎಂದು ನಾನು ತಿರುಗಿ ನೋಡಿದೆ. ಅಷ್ಟರಲ್ಲಿ ಅವಳು ಕಾಲು ಮುಂದೆ ಚಾಚಿ ತರಚಿದ ಮಂಡಿ ತೋರಿಸಿದಳು. ಅರಿಶಿನ ಅಲ್ಲಿತ್ತು. “ಡೈವ್ ಹೊಡ್ದೆ, ಅದ್ಕೇ ಮೇಷ್ಟ್ರು ನನ್ನ ತಗೊಂಡಿದ್ದು. ಇವತ್ತಿಂದ ನೀನು ದೊಡ್ಡೋಳು ಅಂದ್ರು. ಮಾವ ಶೂ ತರ್ತಾನಂತಾ?”

ನಾನು ಹಸಿರು ಚೀಲ ಎದೆಗೆ ಅವುಚಿಕೊಂಡು ಕಂಬದ ಪಕ್ಕ ಕುಳಿತುಬಿಟ್ಟೆ. “ಶೂ ಅಲ್ಲ ಮಗ,” ಎಂದೆ. “ಸೊಪ್ಪು ತರ್ತಿದಾನೆ.”

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಮೈದಾನದಲ್ಲೇ ಹೊಟ್ಟೆ ಹಿಡಿದುಕೊಂಡು ಉರುಳಾಡಿ ನಕ್ಕಳು.

ಅಭ್ಯಾಸ ಮುಗಿಯದೆ ಮೇಷ್ಟ್ರು ಅವಳನ್ನು ಬಿಡಲಿಲ್ಲ, ಅತ್ತೆ ಫೋನ್ ಎತ್ತಲಿಲ್ಲ. ನಾವು ಮನೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಅಂಗಳದಲ್ಲಿ ಚಲುವರಾಜುವಿನ ಗೂಡ್ಸ್ ಆಟೋ. ಅದರಿಂದ ಅತ್ತಿ, ಆಲ, ಹಲಸಿನ ಸೊಪ್ಪು ನೆಲಕ್ಕೆ ಜೋತಾಡುತ್ತಿತ್ತು. ಅಕ್ಕಿಹೆಬ್ಬಾಳಿನಿಂದ ಇಲ್ಲಿಯವರೆಗೆ ರಸ್ತೆಯುದ್ದಕ್ಕೂ ಎಲೆ ಉದುರಿಸಿಕೊಂಡು ಬಂದಿದ್ದ. ಗುಡ್ಲು ಮುಕ್ಕಾಲು ಎದ್ದಿತ್ತು. ಅವನು ಲುಂಗಿ ಎತ್ತಿ ಕಟ್ಟಿ ತೆಂಗಿನ ಗರಿ ಬಿಗಿಯುತ್ತಿದ್ದ. ಒಳಗಿನಿಂದ ಒರಳಿನ ಸದ್ದು ಬರುತ್ತಿತ್ತು. ಎದುರು ಮನೆಯ ಅಣ್ಣಮ್ಮ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟುತ್ತಿದ್ದರು. ಬೀದಿಯ ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು ಬಂದಿದ್ದರು. ನಡುವೆ ನಮ್ಮ ಅತ್ತೆ, ರೇಷ್ಮೆ ಸೀರೆ ಉಟ್ಟು, ಅವರ ಮದುವೆ ಫೋಟೋದಲ್ಲಿಯೂ ನಾನು ಕಾಣದಂಥ ಮುಖದಲ್ಲಿ ನಿಂತಿದ್ದರು.

ಆ ಮುಖ ನೋಡಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಹೇಳದೆ ಇರುವ ಹಾಗೂ ಇರಲಿಲ್ಲ.

“ಅತ್ತೆ, ಅವಳು ದೊಡ್ಡೋರ ಟೀಮಿಗೆ ಸೇರಿದಾಳೆ. ಖೋ ಖೋಗೆ. ಅದನ್ನೇ ಹೇಳಿದ್ದು.”

ಒರಳಿನ ಸದ್ದು ನಿಂತಿತು. ಚಲುವರಾಜು ಹಗ್ಗ ಹಿಡಿದವನು ಹಿಡಿದಂತೆಯೇ ಕೇಳಿದ, “ಅಂಗಾರೆ ನೆರೆದಿಲ್ವಾ?”

“ಇಲ್ಲ.”

“ಮತ್ತೆ ನಾನು ಕೆ.ಆರ್. ಪ್ಯಾಟೆಯಿಂದ ಇಲ್ಲಿಗಂಟ ಕೇಳ್ದೋರ್ಗೆಲ್ಲ ಏಳ್ಕಂಡು ಬಂದ್ನಲ್ಲಕ್ಕ. ಪೆಟ್ರೋಲ್ ಬಂಕಲ್ಲಿ ಒಬ್ರು ಉಡ್ಗಿಗೆ ಒಳ್ಳೇದಾಗ್ಲಿ ಅಂತ ಕೈ ಮುಗುದ್ರು.”

ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಅಂಗಳವೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ. “ಏನ್ ಮಾತೋ ಇವ್ರದ್ದು, ದೊಡ್ಡೋಳಂತೆ, ಟೀಮಂತೆ,” ಎಂದು ಗೊಣಗಿ ಒಳಗೆ ಹೋಗಲು ತಿರುಗಿದರು. ಅವರ ಕಿವಿ ಕೆಂಪಾಗಿದ್ದು ನನಗೆ ಕಂಡಿತು.

ಸಹನ ಆಗಲೇ ಬಗ್ಗಿ ಗುಡ್ಲಿನೊಳಗೆ ನುಗ್ಗಿದ್ದಳು. ಒಳಗಿನಿಂದ ಕೂಗಿದಳು, “ಅಜ್ಜಿ, ಎಷ್ಟು ತಂಪಾಗದೆ ಗೊತ್ತಾ? ಬಾ.”

“ನಾನ್ಯಾಕ್ ಬರ್ಲಿ? ನಾನೇನ್ ನೆರೆದಿದೀನಾ?”

“ನಾನೂ ನೆರೆದಿಲ್ವಲ್ಲ. ಬಾ.”

“ಬನ್ನಿ ಅತ್ತೆಮ್ಮ,” ಎಂದ ಚಲುವರಾಜು. “ಸೊಪ್ಪು ನಿಮ್ಗೂ ಆಗೋವಷ್ಟದೆ. ನಿಮ್ಗೆ ಮಾವ ಇರ್ಲಿಲ್ಲ ಅಂತಿದ್ರಲ್ಲ, ನಾನೇ ಆಕಿದೀನಿ ಅಂದ್ಕಳಿ.”

ಅತ್ತೆ ಹೊಸ್ತಿಲಲ್ಲೇ ನಿಂತರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಸೊಂಟ ಹಿಡಿದುಕೊಂಡು, ಬಗ್ಗಿ ಒಳಗೆ ಹೋಗಿ ಮೊಮ್ಮಗಳ ಪಕ್ಕ ಕೂತರು. ತಲೆಯ ಮೇಲೆ ತೂಗುತ್ತಿದ್ದ ಅತ್ತಿ ಎಲೆಯನ್ನು ಒಂದು ಸಲ ಮುಟ್ಟಿ ನೋಡಿದರು.

“ಆರ್ತಿಗೆ ಎಣ್ಣೆ ಆಕಾಯ್ತು, ಎತ್ತೇಬುಡಾನ,” ಎಂದರು ಅಣ್ಣಮ್ಮ. “ಇವತ್ತಲ್ದಿದ್ರೆ ಇನ್ನೊಂದಿನ ಆಗೇ ಆಯ್ತಾಳೆ. ಅಡ್ವಾನ್ಸು ಅಂದ್ಕಳಿ.”

ಅಜ್ಜಿಗೂ ಮೊಮ್ಮಗಳಿಗೂ ಸೇರಿಸಿ ಆರತಿ ಎತ್ತಿದರು. ಚಿಗಳಿ ಹಂಚಿದರು. ಸಹನ ತರಚಿದ ಮಂಡಿಯ ಮೇಲೆ ಕೈಯಿಟ್ಟುಕೊಂಡು ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ನಡುನಡುವೆ ಅವಳ ಭುಜ ಕುಲುಕುತ್ತಿತ್ತು. ಚಲುವರಾಜು ಊಟ ಮುಗಿಸಿ ಹೊರಡುವಾಗ ಗುಡ್ಲು ಬಿಚ್ಚುತ್ತೇನೆ ಎಂದ. ಅತ್ತೆ ಬೇಡ ಎಂದರು. “ಇರ್ಲಿ ಬುಡು, ಎಲ್ಗೋಯ್ತದೆ.”

ಗುಡ್ಲು ಅಂಗಳದಲ್ಲೇ ಉಳಿಯಿತು. ಎಲೆ ಬಾಡಿ ಕಂದಾಯಿತು. ಅಣ್ಣಮ್ಮನ ಮೇಕೆಗಳು ಒಂದು ಪಕ್ಕ ತಿಂದವು. ಸಹನ ಅದರೊಳಗೆ ಕೂತು ಓದಿದಳು, ಅತ್ತೆ ಮಧ್ಯಾಹ್ನ ಅದರೊಳಗೆ ಎಲೆ ಅಡಿಕೆ ಹಾಕಿಕೊಂಡು ಕಾಲು ಚಾಚಿದರು. ನಾನು ಪಂದ್ಯದ ದಿನ ಹತ್ತಿರವಾದಂತೆ ಒಳಗೊಳಗೇ ಎಣಿಸುತ್ತಿದ್ದೆ. ಇಷ್ಟು ದಿನ ಬರಲಿಲ್ಲ, ಇನ್ನು ಸ್ವಲ್ಪ ತಡೆಯಲಿ, ಆಮೇಲೆ ಬರಲಿ.

ಪಂದ್ಯದ ದಿನ ಬೆಳಿಗ್ಗೆ ಶಾಲೆಯ ವ್ಯಾನು ಊರ ಬಾಗಿಲಿಗೆ ಬರುವುದಿತ್ತು. ನಾನು ಒಲೆಯ ಮುಂದೆ ಪುಳಿಯೋಗರೆ ಕಲಸುತ್ತಿದ್ದೆ. ಸಹನ ಬಚ್ಚಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಾಗಿಲು ತೆರೆದಾಗ ಎಂದಿನ ‘ಇವತ್ತೂ ಇಲ್ಲ’ ಕೇಳಿಸಲಿಲ್ಲ. ತಿರುಗಿ ನೋಡಿದೆ. ಬಾಯಿಯಲ್ಲಿ ಕಡಲೆ ಮಿಠಾಯಿ ಅಗಿಯುತ್ತಾ ನಿಂತಿದ್ದಳು. ಕಣ್ಣು ಇಷ್ಟಗಲ.

“ಬಂತು,” ಎಂದಳು ಪಿಸುಮಾತಿನಲ್ಲಿ.

ಅವಳನ್ನು ಎಳೆದು ಅಪ್ಪಿಕೊಂಡೆ. ಪುಳಿಯೋಗರೆಯ ಕೈ ಅವಳ ಜರ್ಸಿಗೆಲ್ಲ ಆಯಿತು. “ನೀನೇ ಹಾಕ್ಕೊಂಡ್ಯಾ? ಸರಿಯಾಗಿ? ಅಂಟಿರೋ ಕಡೆ…”

“ಚಡ್ಡಿಗೆ. ಗೊತ್ತಮ್ಮ. ಹೊಟ್ಟೆ ಒಂಥರಾ ಅನ್ಸ್ತದೆ, ನೋವೇನಿಲ್ಲ. ಆಡ್ತೀನಿ.”

ಹೊರಗೆ ಅತ್ತೆಯ ಹೆಜ್ಜೆ ಕೇಳಿಸಿತು. ಕೊಟ್ಟ ಮಾತು ನೆನಪಾಗಿ ನಾನು ತಟ್ಟನೆ ಗೋಡೆ ಕಡೆ ತಿರುಗಿ ನಿಂತೆ. ನಮ್ಮ ಅಡುಗೆಮನೆಯ ಆ ಗೋಡೆಯಲ್ಲಿ ಒಗ್ಗರಣೆಯ ಮಸಿ ಬಿಟ್ಟರೆ ನೋಡುವಂಥದ್ದು ಏನೂ ಇಲ್ಲ.

“ಏನವ್ವ ಅದು, ಗೋಡೆ ನೋಡ್ಕಂಡ್ ನಿಂತಿದ್ದೀಯೆ?” ಎಂದರು ಅತ್ತೆ.

ನಾನು ಆ ಮಸಿಯನ್ನು ಉಜ್ಜತೊಡಗಿದೆ. ಸುಳ್ಳು ಬರುವುದಿಲ್ಲ, ನಿಜ ಹೇಳುವಂತಿಲ್ಲ. ಇವಳ ಪಂದ್ಯ ನನ್ನ ಬೆನ್ನಿನಿಂದಲೇ ಹಾಳಾಗುತ್ತದೆ ಎಂದು ಕಣ್ಣಲ್ಲಿ ನೀರು ಬಂತು.

“ಅಜ್ಜಿ,” ಎಂದಳು ಸಹನ ನನ್ನ ಹಿಂದಿನಿಂದ. “ನಾನು ದೊಡ್ಡೋಳಾದೆ.”

“ಆಗಿದ್ದೀಯಲ್ಲ, ಓದ್ವಾರ್ದಿಂದ ಅದನ್ನೇ ಕೇಳ್ತಾ ಇವ್ನಿ.”

“ಆ ದೊಡ್ಡೋಳಲ್ಲ ಅಜ್ಜಿ. ಈ ದೊಡ್ಡೋಳು.”

ನಾನು ತಿರುಗಿದೆ. ಅಜ್ಜಿ ಮೊಮ್ಮಗಳು ಎದುರುಬದುರು ನಿಂತಿದ್ದರು. ಅತ್ತೆ ಅವಳ ಮುಖವನ್ನು ದಿಟ್ಟಿಸಿ ನೋಡಿದರು. ಈ ಸಲ ಮೋಸ ಹೋಗಬಾರದೆಂಬ ನೋಟ ಅದು.

“ದಿಟವಾ?”

“ದಿಟ.”

“ಎದ್ರುಕೊಂಡ್ಯಾ?”

“ಯಾಕೆ ಹೆದ್ರುಕೊಳ್ಲಿ? ರೆಡಿ ಚೀಲ ಇತ್ತಲ್ಲ.”

“ನಾನು ಸತ್ತೇ ಓಯ್ತೀನಿ ಅಂದ್ಕಂಡಿದ್ದೆ,” ಎಂದರು ಅತ್ತೆ ಮೆಲ್ಲಗೆ. ಅವರು ಜಗುಲಿಗೆ ಹೋಗಿ ಕೂತರು. ಅಲ್ಲಿಂದ ಬಾಡಿದ ಗುಡ್ಲು ಕಾಣುತ್ತಿತ್ತು. ಸಹನ ಅವರ ಎದುರು ನೆಲದ ಮೇಲೆ ಕೂತಳು. “ಅಜ್ಜಿ, ಇವತ್ತೊಂದಿನ ಬುಡು. ಸಾಯಂಕಾಲ ಬಂದು ಕೂರ್ತೀನಿ. ನಾನಿಲ್ದಿದ್ರೆ ಟೀಮಿಗೆ ಒಬ್ರು ಕಮ್ಮಿ.”

ಊರ ಬಾಗಿಲಿನಿಂದ ವ್ಯಾನಿನ ಹಾರನ್ನು ಕೇಳಿಸಿತು. ನಾನೂ ಏನಾದರೂ ಹೇಳಬೇಕು ಎಂದುಕೊಂಡೆ. ನರ್ಸಮ್ಮ ಆಡಬಹುದು ಅಂದಿದ್ದಾರೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅತ್ತೆ ಮಾತಾಡಿದರು.

“ದಿವ್ಯ, ಗುಡ್ಲಾಕಿದ್ಯಾರು?”

“ಚಲುವರಾಜು.”

“ಸೋದರ್ಮಾವನೇ ತಾನೆ? ಅಸಿ ಸೊಪ್ಪೇ ತಾನೆ?”

“ಹೂಂ ಅತ್ತೆ.”

“ಉಡ್ಗಿ ಕುಂತ್ಲು. ಆರ್ತಿ ಎತ್ತಾಯ್ತು. ಚಿಗಳಿ ಅಂಚಾಯ್ತು. ಅಂಗಂದ್ಮೇಲೆ ಗುಡ್ಲು ಮೊದ್ಲು ಬಂತು, ಉಡ್ಗಿ ಆಮೇಲೆ ನೆರುದ್ಲು. ಇಂದುಮುಂದಾಯ್ತು ಅಷ್ಟೇ. ಒಂದ್ ಎಣ್ಣಿಗೆ ಎರಡ್ ಗುಡ್ಲಾಕಿದ್ದ ನಾನೆಲ್ಲೂ ಕಂಡಿಲ್ಲ.” ಅವರು ಎದ್ದರು. “ಅದೂ ಅಲ್ದೆ, ಇವತ್ ಮತ್ತೆ ಫೋನ್ ಮಾಡುದ್ರೆ ಚಲುವರಾಜು ನನ್ ಮಾತ ನಂಬ್ತಾನಾ? ನೀರೊಂದು ಬಾಕಿ. ಅಂಡೇಲಿ ಬಿಸ್ನೀರದೆ, ಕರ್ಕಂಡ್ ಬಾ.”

ನಾನು ವ್ಯಾನು ನಿಲ್ಲಿಸಲು ಓಡಿದೆ. ಹಿಂದಿನಿಂದ ಬಚ್ಚಲಿನಲ್ಲಿ ಚೊಂಬಿನ ಸದ್ದು, ಸಹನಳ ಕಿರುಚಾಟ, “ಅಜ್ಜಿ, ಸುಡ್ತದೆ,” “ಸುಡ್ಬೇಕು, ಸುಮ್ಕಿರು,” ಎಲ್ಲ ಕೇಳಿಸುತ್ತಿತ್ತು. ತಿರುಗಿ ಬಂದಾಗ ಅವಳ ಒದ್ದೆ ಕೂದಲಿಗೆ ಅತ್ತೆ ಮಲ್ಲಿಗೆ ಮುಡಿಸಿ, ಬಾಯಿಗೆ ಕೊಬ್ಬರಿ ಬೆಲ್ಲ ತುರುಕಿದ್ದರು. ತಾವೂ ರೇಷ್ಮೆ ಸೀರೆ ಉಟ್ಟು ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

“ನೀವೂ ಬರ್ತೀರಾ ಅತ್ತೆ?”

“ನೆರೆದ ಉಡ್ಗೀನ ಒಬ್ಳೇ ಕಳುಸ್ತಾರಾ? ವ್ಯಾನ್ ಅತ್ತು.”

ಶ್ರೀರಂಗಪಟ್ಟಣದ ಮೈದಾನದಲ್ಲಿ ನಮ್ಮವರಿಗೆ ನಾಗಮಂಗಲದವರು ಎದುರು. ಆ ಹುಡುಗಿಯರು ಎತ್ತರಕ್ಕೆ, ಬಿರುಸಾಗಿ, ನಮ್ಮವರನ್ನು ನೋಡಿಯೇ ನಗುವಂತಿದ್ದರು. ನಾನು ಬದಲಿ ಬಟ್ಟೆ, ನೀರು, ರೆಡಿ ಚೀಲ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ಗೆರೆಯ ಹತ್ತಿರ ಕೂತಿದ್ದೆ. ಆಟ ಶುರುವಾಗುವ ಮೊದಲು ಚಲುವರಾಜು ಬಂದ. ಕೈಯಲ್ಲಿ ಶೂ ಡಬ್ಬಿ.

“ಈ ಸಲ ಸರಿಯಾಗಿ ಕೇಳ್ಕಂಡೇ ತಂದಿವ್ನಿ,” ಎಂದು ಸಹನಳ ಮುಂದೆ ಹಿಡಿದ.

ಅವಳು ಅವನ ಕಿವಿಯ ಹತ್ತಿರ ಬಗ್ಗಿದಳು. ಆದರೂ ನಮಗೆಲ್ಲ ಕೇಳಿಸಿತು. “ಮಾವ, ನಿನ್ ಗುಡ್ಲು ದಂಡ ಆಗ್ಲಿಲ್ಲ.”

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಅತ್ತೆಯ ರೇಷ್ಮೆ ಸೀರೆ ನೋಡಿದ. “ಅಂಗಾ,” ಎಂದವನು ಮೊಣಕಾಲೂರಿ ಅವಳ ಶೂ ಲೇಸು ತಾನೇ ಕಟ್ಟಿದ.

ನಾಗಮಂಗಲದವರು ಚೆನ್ನಾಗಿಯೇ ಆಡಿದರು. ಕೊನೆಯ ಸರದಿಯಲ್ಲಿ ನಮ್ಮವರು ಹಿಡಿಯಬೇಕು, ಅವರು ತಪ್ಪಿಸಿಕೊಳ್ಳಬೇಕು. ಅವರದ್ದು ಒಬ್ಬಳೇ ಉಳಿದಿದ್ದಳು, ಉದ್ದ ಜಡೆಯವಳು. ಅವಳು ಔಟಾದರೆ ನಮ್ಮದು. ಸಹನ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ನೆಲಕ್ಕೆ. ಅವಳ ಹೊಟ್ಟೆ ನೋಯುತ್ತಿದೆಯೋ ಏನೋ ಎಂದು ನಾನು ನನ್ನ ಹೊಟ್ಟೆ ಹಿಡಿದುಕೊಂಡಿದ್ದೆ.

“ಖೋ,” ಎಂದು ಅವಳ ಬೆನ್ನಿಗೆ ಏಟು ಬಿತ್ತು.

ಅವಳು ಎದ್ದದ್ದು ನನಗೆ ಕಾಣಲಿಲ್ಲ. ಕೂತಿದ್ದಳು, ಆಮೇಲೆ ಗಾಳಿಯಲ್ಲಿದ್ದಳು. ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ಮುಂದಕ್ಕೆ ಚಾಚಿ, ಆ ಉದ್ದ ಜಡೆಯವಳ ಹಿಮ್ಮಡಿ ಮುಟ್ಟಿ, ಧೂಳಿನಲ್ಲಿ ಜಾರಿ ಬಿದ್ದಳು. ಸೀಟಿ ಕೇಳಿಸಿತು. ನಮ್ಮ ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು. ಚಲುವರಾಜು ಗೆರೆ ದಾಟಿ ಒಳಗೆ ಓಡಿ, ಅಂಪೈರ್ ಬೈದಾಗ ಅಷ್ಟೇ ಬೇಗ ಹೊರಗೆ ಬಂದ. ನಾನು ಮಾತ್ರ ಮೊದಲು ಅವಳ ಚಡ್ಡಿಯ ಹಿಂಭಾಗವನ್ನೇ ನೋಡಿದೆ. ಏನೂ ಇರಲಿಲ್ಲ. ಆಮೇಲೆ ಚಪ್ಪಾಳೆ ತಟ್ಟಿದೆ.

ಅತ್ತೆ ಡಬ್ಬಿ ತೆರೆದರು. ಅದರ ತುಂಬ ಚಿಗಳಿ. ಅಷ್ಟು ಬೆಳಿಗ್ಗೆ ಯಾವಾಗ ಕುಟ್ಟಿದರೋ ತಿಳಿಯದು. ಬಹುಶಃ ನಾನು ವ್ಯಾನಿಗೆ ಓಡಿದಾಗ ಅಣ್ಣಮ್ಮನನ್ನು ಎಬ್ಬಿಸಿರಬೇಕು. ಧೂಳು ಮೆತ್ತಿದ ಕೈಗಳು ಒಂದೊಂದಾಗಿ ಡಬ್ಬಿಗೆ ಬಂದವು. ನಾಗಮಂಗಲದ ಹುಡುಗಿಯರನ್ನೂ ಅತ್ತೆ ಕರೆದು ಕೊಟ್ಟರು. ಉದ್ದ ಜಡೆಯವಳಿಗೆ ಎರಡು.

ಶ್ರೀರಾಮ್ ಮೇಷ್ಟ್ರು ಉಂಡೆ ಬಾಯಿಗಿಟ್ಟುಕೊಂಡು, “ಏನಜ್ಜಿ ವಿಶೇಷ?” ಎಂದು ಕೇಳಿದರು.

ಅತ್ತೆ ನನ್ನತ್ತ ಒಮ್ಮೆ, ಮೊಮ್ಮಗಳತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದರು, “ನಮ್ಮುಡ್ಗಿ ದೊಡ್ಡೋಳಾದ್ಲು ಕಣಪ್ಪ.”

“ಅದಕ್ಕಾ?” ಎಂದರು ಮೇಷ್ಟ್ರು, ಸಂತೋಷದಿಂದ. “ಹೋದ ವಾರ ನಾನೇ ಅಲ್ವಾ ಸೇರಿಸಿದ್ದು.”

ಸಹನ ಚಿಗಳಿ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು. ಅತ್ತೆ ಅವಳ ಬೆನ್ನು ತಟ್ಟುತ್ತಾ, ತಾವೂ ನಗು ತಡೆಯಲಾರದೆ, ಅಲ್ಲಿ ಗೋಡೆ ಯಾವುದೂ ಇಲ್ಲದ್ದರಿಂದ ನನ್ನ ಕಡೆಗೇ ತಿರುಗಿ ನಿಂತರು.